ಅಪ್ಪನ ಕೋವಿಗೆ ಸ್ಕೋಪ್ ಯಾಕೆ?

ಅಪ್ಪನ ಕೋವಿಗೆ ಹಾಕಿಸೋಣ ಅಂತ ತಮ್ಮ ಮೊಬೈಲಲ್ಲಿ ಸ್ಕೋಪ್‌ಗಳನ್ನು ಹೋಲಿಸ್ತಾ ಕೂತಿದ್ದ. ಅದು ಬೆಳೆ ರಕ್ಷಣೆಯ ಲೈಸೆನ್ಸ್ ಇರೋ ತೋಟಾ ಕೋವಿ; ನಳಿಗೆಯೊಳಗೆ ರೈಫಲ್ಲಿನ ತಿರುಚು ಗೆರೆಗಳಿಲ್ಲ. ಸ್ಕೋಪ್ ಎಷ್ಟು ದೂರ ತೋರಿಸಿದರೂ ಚರೆ ಚದುರೋದೇ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮೇಲಾಗಿ, ಸ್ಕೋಪಲ್ಲಿ ನೋಡೋದು ಅಂದ್ರೆ ನೋಡಿದ ಕಡೆಗೆಲ್ಲ ನಳಿಗೆ ತಿರುಗಿಸೋದು. ಕಾಫಿ ಗಿಡದ ಮಧ್ಯೆ ಅಲುಗಾಡಿದ್ದು ಹಂದಿಯೋ, ಹಣ್ಣು ಕೊಯ್ಯೋ ಹೆಂಗಸೋ?

ನಮ್ಮ ಸಕಲೇಶಪುರ, ಆಲೂರು ಕಡೆ ಗೊತ್ತಾಗಬೇಕಿರೋದು ಬೆಳಗಿನ ಮಬ್ಬಲ್ಲಿ ಗದ್ದೆ ಅಂಚಿನಲ್ಲಿ ಆನೆ ಇದೆಯಾ ಅಂತ. ಅದಕ್ಕೆ 8×42 ಬೈನಾಕ್ಯುಲರ್ ಸಾಕು. 42ನ್ನು 8ರಿಂದ ಭಾಗಿಸಿ: ಕಣ್ಣಿಗೆ 5.25 ಮಿ.ಮೀ. ಅಗಲದ ಬೆಳಕು. ಜೇಬಲ್ಲಿಡೋ 10×25ರಲ್ಲಿ ಬರೀ 2.5, ಮಬ್ಬಲ್ಲಿ ಎಲ್ಲ ಕಪ್ಪು. ಕೆಲಸದವರು ಬರೋ ಮುಂಚೆ ತಮ್ಮ ಈಗ ಅಂಗಳದಿಂದಲೇ ಒಂದು ಸುತ್ತು ನೋಡ್ತಾನೆ.