ಬಳಸಿ ಹರಿಯುವ ನದಿ

ಬಯಲಿನಲ್ಲಿ ಹರಿಯುವ ನದಿಯು ನೇರವಾಗಿ ಸಾಗದೆ ಹಾವಿನಂತೆ ಹೊರಳುವುದೇಕೆಂದು ಎಂದಾದರೂ ಯೋಚಿಸಿದ್ದೀರಾ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. ಉತ್ತರ ಚಹಾ ಬಟ್ಟಲಿನಲ್ಲಿದೆ ಎಂದರೆ ನೀವು ನಕ್ಕೀರಿ. ಕಲಕಿದ ಚಹಾದಲ್ಲಿ ಎಲೆಚೂರುಗಳು ಅಂಚಿಗೆ ಸರಿಯದೆ ತಳದ ನಡುವೆ ಬಂದು ಸೇರುತ್ತವಲ್ಲವೇ? ಆಲ್ಬರ್ಟ್ ಐನ್‌ಸ್ಟೈನ್ 1926ರ ಲೇಖನವೊಂದರಲ್ಲಿ ಇದೇ ನಿದರ್ಶನದಿಂದ ನದಿಯ ತಿರುವುಗಳನ್ನು ವಿವರಿಸಿದರು. ತಳದ ನೀರು ನೆಲದ ಘರ್ಷಣೆಯಿಂದ ನಿಧಾನ, ಮೇಲಿನದು ವೇಗ. ತಿರುವಿನಲ್ಲಿ ಮೇಲಿನ ನೀರು ಹೊರದಂಡೆಯತ್ತ ನುಗ್ಗಿ, ಕೆಳಗಿಳಿದು, ತಳದಗುಂಟ ಒಳದಂಡೆಗೆ ಹಿಂದಿರುಗುತ್ತದೆ. ಹೊರದಂಡೆ ಕೊರೆದುಹೋಗುತ್ತದೆ, ಒಳದಂಡೆಯಲ್ಲಿ ಮರಳು ಕೂಡುತ್ತದೆ. ಒಮ್ಮೆ ಮೂಡಿದ ಬಾಗು ಹೀಗೆ ಬೆಳೆಯುತ್ತಲೇ ಹೋಗುತ್ತದೆ.

ಪಾತ್ರ ತುಂಬಿದಾಗ ನೀರು ಇಕ್ಕೆಲದ ತಗ್ಗು ಬಯಲಿಗೆ ಹರಡುತ್ತದೆ. ನದಿ ದಾರಿ ತಪ್ಪಿತೆಂದು ನಾವೆನ್ನುತ್ತೇವೆ. ಆದರೆ ಆ ಬಯಲು ನದಿಯೇ ಮೆಕ್ಕಲು ಹಾಸಿ ಕಟ್ಟಿದ ನೆಲ. ಅಲ್ಲಿ ಹುಲ್ಲುಪೊದೆಗಳ ನಡುವೆ ಹರಿವು ತಗ್ಗಿ ಹೂಳು ಇಳಿಯುತ್ತದೆ. ನೆಲಕ್ಕಿಂಗಿದ ನೀರಿನಲ್ಲಿ ಒಂದಷ್ಟು ಬೇಸಿಗೆಯಲ್ಲಿ ಒಸರಾಗಿ ಹೊಳೆಯನ್ನು ಸೇರುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಕಿಸ್ಸಿಮ್ಮಿ ಎಂಬ ನದಿಯಿದೆ. ಒಕಿಚೋಬಿ ಸರೋವರವನ್ನು ಸೇರುವ ಮುನ್ನ ಅದು ಸುಮಾರು 166 ಕಿಲೋಮೀಟರ್ ಬಳಸಿ ಹರಿಯುತ್ತಿತ್ತು. 1947ರ ಭೀಕರ ನೆರೆಯ ನಂತರ ಜನರು ರಕ್ಷಣೆ ಬೇಡಿದರು. ಅದು ನ್ಯಾಯವಾದ ಬೇಡಿಕೆಯೇ. 1962ರಿಂದ 1971ರವರೆಗೆ ಸೇನೆಯ ಎಂಜಿನಿಯರುಗಳು ನದಿಯನ್ನು ಸುಮಾರು 90 ಕಿಲೋಮೀಟರಿನ ನೇರ ಕಾಲುವೆಯಾಗಿಸಿದರು. ನೀರು ಬಯಲಿಗೆ ಏರಲಿಲ್ಲ. ಜೌಗು ಒಣಗಿತು. ಕಾಲುವೆಯ ಆಳದ ನೀರಿನಲ್ಲಿ ಮೀನುಗಳಿಗೆ ಸಾಕಷ್ಟು ಆಮ್ಲಜನಕವಿರಲಿಲ್ಲ. ಚಳಿಗಾಲಕ್ಕೆ ಬರುತ್ತಿದ್ದ ನೀರುಹಕ್ಕಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಾಣೆಯಾದವು. 1999ರಲ್ಲಿ ಅದೇ ಎಂಜಿನಿಯರುಗಳ ಇಲಾಖೆಯೇ ಕಾಲುವೆಗೆ ಮಣ್ಣು ತುಂಬಲು ತೊಡಗಿತು! 2021ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಸುಮಾರು 35 ಕಿಲೋಮೀಟರ್ ಕಾಲುವೆ ಮುಚ್ಚಿ, ಹಳೆಯ ಬಾಗುಗಳಲ್ಲಿ ಸುಮಾರು 70 ಕಿಲೋಮೀಟರ್ ನೀರು ಮತ್ತೆ ಹರಿದಿತ್ತು. ಹಕ್ಕಿಗಳೂ ಬಂದವು. ಉಳಿದ ಕಾಲುವೆಯನ್ನು ನೆರೆಯ ರಕ್ಷಣೆಗಾಗಿ ಹಾಗೆಯೇ ಬಿಟ್ಟಿದ್ದಾರೆ, ಅದೂ ವಿವೇಕವೇ.

ಈ ಕಥೆಯನ್ನು ಓದುವಾಗ ನನಗೆ ನಮ್ಮ ಮಲಪ್ರಭೆಯ ನೆನಪಾಗುತ್ತದೆ. 2009ರಲ್ಲಿಯೂ 2019ರಲ್ಲಿಯೂ ಅದು ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿತು. ಬಯಲು ನದಿಗೆ ಸೇರಿದ್ದೆಂದು ಇಲ್ಲಿ ಕುಳಿತು ಬರೆಯುವುದು ಸುಲಭ. ಆದರೆ ಕಿಸ್ಸಿಮ್ಮಿಯ ಬಯಲಿನಲ್ಲಿ ಬಹುಮಟ್ಟಿಗೆ ಇದ್ದುದು ದನಗಳ ಹುಲ್ಲುಗಾವಲು. ಅದನ್ನೂ ಸರ್ಕಾರ ಹಣ ಕೊಟ್ಟೇ ಪಡೆಯಿತು. ಮಲಪ್ರಭೆಯ ದಂಡೆಯಲ್ಲಿರುವುದು ಎರಡು ಮೂರು ಎಕರೆಯ ಹೊಲಗಳು, ಹಿರಿಯರ ಗೋರಿಗಳು. ಎತ್ತರದ ನೆಲದಲ್ಲಿ ಹೊಸ ಮನೆ ಕೊಟ್ಟರೂ ಹೊಲ ನದಿಯ ಬದಿಗೇ ಉಳಿದರೆ ರೈತ ಹಿಂದಿರುಗದೆ ಏನು ಮಾಡಿಯಾನು?