ಏಳು ಗಂಟೆಯ ಹಡಗು

ಮೂವತ್ತಾರು ವರ್ಷ ನಾನು ಬಸ್ಸು ಬಿಟ್ಟವನು. ಬಿಟ್ಟವನು ಅಂದರೆ ಓಡಿಸಿದವನಲ್ಲ. ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕೆಂದು ಮೈಕಿನಲ್ಲಿ ಕೂಗಿ, ರಿಜಿಸ್ಟರಿನಲ್ಲಿ ಬರೆದು ಕಳಿಸುತ್ತಿದ್ದ ಟ್ರಾಫಿಕ್ ಕಂಟ್ರೋಲರ್. ಹೊತ್ತಾದರೆ ಬಸ್ಸು ಹೊರಡಲೇಬೇಕು, ನನಗೆ ಗೊತ್ತಿದ್ದ ಧರ್ಮ ಅದೊಂದೇ. ಹಾಗಾಗಿ ಮ್ಯೂನಿಕ್‌ನಲ್ಲಿರುವ ಮಗಳು ಫೋನ್ ಮಾಡಿ, “ಅಪ್ಪ, ನಿಮಗೂ ಎಪ್ಪತ್ತಾಯ್ತು. ಅಮ್ಮನ ಮಂಡಿ ಇನ್ನೂ ಅಷ್ಟಿಷ್ಟು ಮಾತು ಕೇಳ್ತಿರುವಾಗಲೇ ಎಲ್ಲರೂ ಒಟ್ಟಿಗೆ ಹಡಗಲ್ಲಿ ಹೋಗಿಬರೋಣ” ಎಂದಾಗ ನಾನು ಮೊದಲು ಕೇಳಿದ್ದು, “ಎಷ್ಟು ಗಂಟೆಗೆ ಬಿಡುತ್ತೆ?” ಎಂದು.

ಸ್ಪೇನಿನ ಬಾರ್ಸಿಲೋನಾದಲ್ಲಿ ಹತ್ತಿ, ಏಳು ರಾತ್ರಿ ಕಳೆದು ಮತ್ತೆ ಅಲ್ಲೇ ಇಳಿಯುವ ಹಡಗು. ನಡುವೆ ಪಾಲ್ಮಾ, ಫ್ರಾನ್ಸಿನ ಮಾರ್ಸೇ, ಇಟಲಿಯ ಲಿವೋರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್. ಒಂದು ದಿನ ಬರೀ ನೀರು. ಮೂರೂ ಷೆಂಗೆನ್ ದೇಶಗಳಾದ್ದರಿಂದ ಒಂದೇ ವೀಸಾ ಸಾಕು. ಹೆಚ್ಚು ದಿನ ಸ್ಪೇನಿನಲ್ಲಿ ಇರುತ್ತಿದ್ದೆವಾದ್ದರಿಂದ ಅರ್ಜಿ ಹಾಕಿದ್ದು ಅವರಿಗೇ. ನಡುವೆ ಟರ್ಕಿಯಂಥ ದೇಶದ ಬಂದರಿದ್ದರೆ ಒಂದೇ ಸಲ ಒಳಗೆ ಬಿಡುವ ವೀಸಾ ನಡೆಯುವುದಿಲ್ಲ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಬೇಕಲ್ಲ. ಇದೆಲ್ಲ ಮಗಳ ಖಾತೆ.

ಊರು ನೋಡುವ ಖಾತೆ ನನ್ನದು ಮತ್ತು ಮೊಮ್ಮಗಳದು. ಪುಟ್ಟಿ ಆರನೇ ತರಗತಿ. ಪ್ರತಿ ಭಾನುವಾರ ಸಂಜೆ ಅವಳು ಅಲ್ಲಿ ಲ್ಯಾಪ್‌ಟಾಪಿನ ಮುಂದೆ, ನಾನು ಇಲ್ಲಿ ಮೊಬೈಲಿನ ಮುಂದೆ. ಅವಳ ಹತ್ತಿರ ಬಣ್ಣಬಣ್ಣದ ನಕ್ಷೆ. ನನ್ನ ಹತ್ತಿರ ಹಳೆಯ ಅಭ್ಯಾಸದಂತೆ ರೂಲು ಎಳೆದ ಹಾಳೆ.

“ತಾತ, ರೋಮ್‌ನಲ್ಲಿ ಏಳು ಜಾಗ ನೋಡ್ಬೇಕು,” ಎಂದಳು ಮೊದಲ ಭಾನುವಾರವೇ. ಕೊಲೋಸಿಯಂ, ಫೋರಂ, ಪ್ಯಾಂಥಿಯನ್, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು, ವ್ಯಾಟಿಕನ್ ಮ್ಯೂಸಿಯಂ, ಸಂತ ಪೀಟರರ ಚರ್ಚು.

“ಹಡಗು ರೋಮ್‌ಗೆ ಹೋಗುತ್ತೇನಮ್ಮ?”

“ಹೌದಲ್ವಾ? ಬ್ರೋಷರ್‌ನಲ್ಲಿ ರೋಮ್ ಅಂತಾನೇ ಇದೆ.”

ನಕ್ಷೆ ನೋಡು ಎಂದೆ. ಹಡಗಿನವರು ರೋಮ್ ಎಂದು ಬರೆಯುತ್ತಾರೆ, ನಿಲ್ಲಿಸುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರ್. ಫ್ಲಾರೆನ್ಸ್ ಎಂದು ಬರೆದಿದ್ದರೆ ಅದು ಲಿವೋರ್ನೊ, ಫ್ಲಾರೆನ್ಸ್ ಅಲ್ಲಿಂದ ತೊಂಬತ್ತು ಕಿಲೋಮೀಟರ್. ಸಕಲೇಶಪುರದಲ್ಲಿ ಇಳಿಸಿ ಹಾಸನ ಬಂತು ಎಂದರೆ ನಮ್ಮ ಪ್ಯಾಸೆಂಜರುಗಳು ಸುಮ್ಮನಿರುತ್ತಿದ್ದರೆ?

ಆಮೇಲೆ ಅವಳಿಗೆ ಲೆಕ್ಕ ಹೇಳಿಕೊಟ್ಟೆ. ಮಕ್ಕಳೇ, ನೀವೂ ಕೇಳಿ, ಈ ಲೆಕ್ಕವನ್ನು ಮುಂದಿನಿಂದಲ್ಲ, ಹಿಂದಿನಿಂದ ಮಾಡಬೇಕು. ಹಡಗು ಬಿಡುವುದು ಸಂಜೆ ಏಳಕ್ಕೆ. ಎಲ್ಲರೂ ಒಳಗಿರಬೇಕಾದದ್ದು ಆರೂವರೆಗೆ. ಅದರಲ್ಲಿ ಎರಡು ಗಂಟೆ ಜೇಬಿಗೆ ಹಾಕಿಕೋ, ಅದನ್ನು ಮುಟ್ಟುವ ಹಾಗಿಲ್ಲ. ಅಂದರೆ ನಾಲ್ಕೂವರೆಗೆ ಬಂದರಿನಲ್ಲಿರಬೇಕು. ರೈಲಿಗೆ ಸುಮಾರು ಒಂದು ಗಂಟೆ, ಸ್ಟೇಷನ್ನಿನಿಂದ ಬಂದರಿಗೆ ಅರ್ಧ ಗಂಟೆ. ಅಂದರೆ ರೋಮ್‌ನಿಂದ ಮೂರು ಗಂಟೆಗೆ ರೈಲು ಹತ್ತಬೇಕು. ಬೆಳಿಗ್ಗೆ ಏಳಕ್ಕೆ ಹಡಗು ಬಂದರೂ ಇಳಿದು ಊರು ಮುಟ್ಟುವಾಗ ಹತ್ತು. ಉಳಿದದ್ದೆಷ್ಟು?

“ಐದು ಗಂಟೆ,” ಎಂದಳು. ದನಿ ಸಣ್ಣಗಾಗಿತ್ತು.

“ಅದರಲ್ಲಿ ಊಟ, ಬಾತ್‌ರೂಮು, ಕ್ಯೂ.”

ಮುಂದಿನ ಭಾನುವಾರ ಏಳು ಜಾಗ ಮೂರಾಗಿದ್ದವು: ಕೊಲೋಸಿಯಂ, ಪ್ಯಾಂಥಿಯನ್, ಟ್ರೆವಿ. ವ್ಯಾಟಿಕನ್ ಬಿಡಿಸುವುದಕ್ಕೆ ಮಾತ್ರ ಒಂದಿಡೀ ಕರೆ ಹಿಡಿಯಿತು. ಲಿವೋರ್ನೊದಲ್ಲಿ ಫ್ಲಾರೆನ್ಸ್ ಬಿಟ್ಟು ಇಪ್ಪತ್ತೈದು ಕಿಲೋಮೀಟರಿನೊಳಗಿರುವ ಪೀಸಾ ಸಾಕೆಂದೆವು. ಪಾಲ್ಮಾದಲ್ಲಿ ದೊಡ್ಡ ಚರ್ಚು ನೀರಿನ ಮೇಲಿಂದಲೇ ಕಾಣುತ್ತದೆ, ಅಲ್ಲಿಗೊಂದು ಟ್ಯಾಕ್ಸಿ. ಮಾರ್ಸೇಯಲ್ಲಿ ಹಳೆಯ ಬಂದರಿನ ಹತ್ತಿರ ಕಾಫಿ, ಬೇರೇನೂ ಇಲ್ಲ. ಆ ‘ಬೇರೇನೂ ಇಲ್ಲ’ ಬರೆಸುವಾಗ ಪುಟ್ಟಿ ನನ್ನನ್ನು ಸೋಮಾರಿ ಎಂದಳು. ದಿನಾ ಓಡಿದರೆ ನಾಲ್ಕನೇ ದಿನ ಯಾರೂ ಏಳುವುದಿಲ್ಲ. ಬಸ್ಸಿಗೂ ಡಿಪೋದಲ್ಲಿ ಒಂದು ದಿನ ಬೇಕು.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಹೋಗಿ ಇಳಿಯಕೂಡದು, ಎರಡು ದಿನ ಮೊದಲೇ ಬಾರ್ಸಿಲೋನಾದಲ್ಲಿರಬೇಕು. ಹೋಟೆಲಿನ ಬಾಡಿಗೆ ದಂಡ ಎಂದು ಅಳಿಯಂದಿರು ಮೆಲ್ಲಗೆ ಹೇಳಿದರು. ಅವರು ಮ್ಯೂನಿಕ್‌ನಿಂದ ಎರಡು ಗಂಟೆಯಲ್ಲಿ ಬರುವವರು. ನಾವು ಬೆಂಗಳೂರಿನಿಂದ ನಡುವೆ ವಿಮಾನ ಬದಲಾಯಿಸಿ ಬರುವವರು. ಬಾರ್ಸಿಲೋನಾದಲ್ಲಿ ನಾವು ಇಳಿದೆವು, ನಮ್ಮ ಒಂದು ಸೂಟ್‌ಕೇಸ್ ಇಳಿಯಲಿಲ್ಲ. ಅದರಲ್ಲಿ ನಮ್ಮಾಕೆಯ ಮಂಡಿಪಟ್ಟಿ, ಎಣ್ಣೆ, ಚಟ್ನಿಪುಡಿ ಎಲ್ಲ ಇತ್ತು. ಮಾರನೆಯ ದಿನ ರಾತ್ರಿ ಅದು ಹೋಟೆಲಿಗೆ ಬಂತು, ಹಡಗು ಹೊರಡಲು ಇನ್ನೂ ಅರ್ಧ ದಿನವಿತ್ತು. ಅಳಿಯಂದಿರು ಏನೂ ಹೇಳಲಿಲ್ಲ. ಸೂಟ್‌ಕೇಸನ್ನು ತಾವೇ ಮೇಲಕ್ಕೆ ಹೊತ್ತು ತಂದರು.

ಆ ಎರಡು ದಿನದಲ್ಲಿ ಸಗ್ರಾದಾ ಫಮಿಲಿಯಾ ನೋಡಿದೆವು. 1882ರಲ್ಲಿ ಶುರುವಾದ ಚರ್ಚು, ನಾವು ಹೋದಾಗಲೂ ಕ್ರೇನುಗಳು ನಿಂತಿದ್ದವು. ಮರದ ಕೊಂಬೆಗಳಂತೆ ಮೇಲೆ ಕವಲೊಡೆಯುವ ಕಂಬಗಳನ್ನು ಯೋಚಿಸಿದ ಗೌಡಿ 1926ರಲ್ಲಿ ಟ್ರ್ಯಾಮ್ ಬಡಿದು ತೀರಿಕೊಂಡ. ಅವನ ಸಮಾಧಿ ಅಲ್ಲೇ ಕೆಳಗಿದೆ. “ಮುಗಿಯೋದನ್ನ ನೋಡ್ಲೇ ಇಲ್ಲ ಪಾಪ,” ಎಂದಳು ನಮ್ಮಾಕೆ.

ಇನ್ನು ನಮ್ಮಾಕೆಯ ವಿಷಯ. ಅವಳು ಮೂವತ್ತು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು. ಹಡಗು ಹತ್ತುವ ಹಿಂದಿನ ರಾತ್ರಿ ನನ್ನ ಹಾಳೆಯನ್ನು ಪೂರ್ತಿ ಓದಿ ಮಡಿಸಿ ಕೊಟ್ಟಳು. “ರೀ, ರೋಮ್ ಒಂದು ದಿನ, ಮಾರನೇ ದಿನವೇ ಪಾಂಪೆ. ಎರಡಕ್ಕೂ ಈ ಮಂಡಿ ಬರೋದಿಲ್ಲ. ನನಗೆ ಪಾಂಪೆ ಬೇಕು. ಮೂವತ್ತು ವರ್ಷ ಬೋರ್ಡಿನ ಮೇಲೆ ಬೆಂಕಿಬೆಟ್ಟ ಬರೆದಿದ್ದೀನಿ. ರೋಮ್‌ಗೆ ನೀವೆಲ್ಲ ಹೋಗಿಬನ್ನಿ, ನಾನು ಹಡಗಲ್ಲಿರ್ತೀನಿ.”

ರೋಮಿನ ಪ್ರತಿ ನಿಮಿಷವನ್ನೂ ನಾನೇ ಬರೆದಿದ್ದೆ. ಟರ್ಮಿನಿ ಸ್ಟೇಷನ್ನಿನಿಂದ ಕೊಲೋಸಿಯಂ ಮೆಟ್ರೋದಲ್ಲಿ ಎರಡನೇ ನಿಲ್ದಾಣ ಎಂಬುದು ನನಗೆ ನಿದ್ದೆಯಲ್ಲೂ ಗೊತ್ತಿತ್ತು. ಹೋಗದಿರಲು ನನಗೆ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅವಳೊಬ್ಬಳನ್ನೇ ಆ ತೇಲುವ ಊರಿನಲ್ಲಿ ಬಿಟ್ಟು ಹೋಗುವುದು ಹೇಗೆ? ಆ ದಿನ ಬೆಳಿಗ್ಗೆ ಹಾಳೆಯನ್ನು ಪುಟ್ಟಿಯ ಕೈಗೆ ಕೊಟ್ಟೆ. ಅದರ ಕೊನೆಗೆ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದಿದ್ದೆ. ಒಂದು: ಹಡಗು ತಪ್ಪಿದರೆ ಬಂದರಿಗೆ ಓಡಿಬರಬೇಡಿ, ರೋಮ್‌ನಿಂದಲೇ ನೇಪಲ್ಸ್‌ಗೆ ವೇಗದ ರೈಲು ಹಿಡಿಯಿರಿ, ಒಂದು ಗಂಟೆ ಚಿಲ್ಲರೆ ದಾರಿ, ಬೆಳಿಗ್ಗೆ ಹಡಗು ಅಲ್ಲಿಗೇ ಬರುತ್ತದೆ. ಎರಡು: ಬಂದರಿನಲ್ಲಿರುವವರು ಕಾಯದೆ ಹಡಗು ಹತ್ತತಕ್ಕದ್ದು. ಹಡಗಿನವರೇ ಕರೆದೊಯ್ಯುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ.

ಚಿವಿತಾವೆಕ್ಕಿಯಾವನ್ನು ಎಲ್ಲರೂ ಬೆನ್ನು ಹಾಕಿ ರೋಮ್‌ಗೆ ಹೋಗುತ್ತಾರೆ. ನಾವಿಬ್ಬರು ನಿಧಾನವಾಗಿ ಸಮುದ್ರದ ದಂಡೆಗೆ ಹೋದೆವು. ಬಂದರನ್ನು ಮೊದಲು ಕಟ್ಟಿಸಿದ್ದು ಸುಮಾರು ಹತ್ತೊಂಬತ್ತು ನೂರು ವರ್ಷದ ಹಿಂದೆ ಟ್ರಾಜನ್ ಚಕ್ರವರ್ತಿ. ಈಗ ಅಲ್ಲಿರುವ ಕೋಟೆಗೆ ಮೈಕೆಲೇಂಜೆಲೊ ಹೆಸರು. ಕೋಟೆಯ ನೆರಳಿನ ಬೆಂಚಿನಲ್ಲಿ ಕೂತು ಐಸ್‌ಕ್ರೀಮ್ ತಿಂದೆವು. ಒಬ್ಬ ಮುದುಕ ಮೀನಿಗೆ ಗಾಳ ಹಾಕಿ ಕೂತಿದ್ದ, ಎರಡು ಗಂಟೆಯಲ್ಲಿ ಒಂದೂ ಸಿಗಲಿಲ್ಲ. ನಮ್ಮಾಕೆ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಂಡಿದ್ದಳು. ಮೂರೂವರೆ ಗಂಟೆ ಮುಂದೆ. “ಈಗ ಅಕ್ಕ ಸಂಜೆ ದೀಪ ಹಚ್ಚಿರ್ತಾಳೆ” ಎನ್ನುತ್ತಿದ್ದಳು.

ನಾಲ್ಕೂವರೆಗೆ ಶಟಲ್ ಬಸ್ಸಿನ ನಿಲ್ದಾಣಕ್ಕೆ ಬಂದು ನಿಂತೆವು. ಹಡಗಿಗೆ ಹೋಗುವ ಎಲ್ಲರೂ ಅಲ್ಲಿಂದಲೇ ಬಸ್ಸು ಹತ್ತಬೇಕು. ಅವರು ಬರಲಿಲ್ಲ. ಐದಾಯಿತು. ಮಗಳ ಫೋನು ಬಡಿದು ಬಡಿದು ನಿಂತಿತು, ಅಳಿಯಂದಿರದ್ದು ಬಂದಾಗಿತ್ತು. ಐದೂವರೆ. ಬಸ್ಸುಗಳು ತುಂಬಿಕೊಂಡು ಹೋಗುತ್ತಿದ್ದವು. ದೂರದಲ್ಲಿ ನಮ್ಮ ಹಡಗು ಹತ್ತಾರು ಅಂತಸ್ತಿನ ಬಿಳಿ ಕಟ್ಟಡದಂತೆ ನಿಂತಿತ್ತು.

ಆಗ ನನಗೆ ನೆನಪಾದದ್ದು ಒಬ್ಬ ಹೆಂಗಸು. ಎಷ್ಟೋ ವರ್ಷದ ಹಿಂದಿನ ಮಾತು. ರಾತ್ರಿ ಕೊನೇ ಬಸ್ಸು. ಆಕೆಯ ಚೀಲ, ಮಗು ಎರಡೂ ಸೀಟಿನಲ್ಲಿವೆ, ಆಕೆ ಬಾಟಲಿಗೆ ನೀರು ಹಿಡಿಯಲು ಇಳಿದಿದ್ದಾಳೆ. ಹೊತ್ತಾಯಿತೆಂದು ನಾನು ಸಹಿ ಹಾಕಿ ಕಳಿಸಿಬಿಟ್ಟೆ. ಆಕೆ ಬಾಟಲಿ ಹಿಡಿದು ಬಸ್ಸಿನ ಹಿಂದೆ ಓಡಿದ್ದು ಕಂಟ್ರೋಲ್ ರೂಮಿನ ಕಿಟಕಿಯಿಂದ ಕಾಣಿಸಿತು. ಗೇಟಿನಲ್ಲಿ ಯಾರೋ ನಿಲ್ಲಿಸಿ ಹತ್ತಿಸಿದರು, ಏನೂ ಅನಾಹುತವಾಗಲಿಲ್ಲ. ರಿಜಿಸ್ಟರಿನಲ್ಲಿ ‘ಸಕಾಲಕ್ಕೆ ನಿರ್ಗಮನ’ ಎಂದೇ ಬರೆದೆ.

ಇದನ್ನು ನಮ್ಮಾಕೆಗೆ ಹೇಳಿದೆ. ಅವಳು ರಸ್ತೆಯನ್ನೇ ನೋಡುತ್ತಾ, “ಗೊತ್ತು. ಅವತ್ತು ಮನೆಗೆ ಬಂದು ನೀವು ಊಟ ಮಾಡಿರಲಿಲ್ಲ. ಕೇಳಿದ್ರೆ ಹಸಿವಿಲ್ಲ ಅಂದ್ರಿ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವರು ಬರದಿದ್ರೆ ನಾವು ಹತ್ತೋದಾ?” ಎಂದು ಕೇಳಿದಳು.

ಕೆಂಪು ಶಾಯಿಯ ಎರಡನೇ ಸಾಲು ನನ್ನದೇ ಅಕ್ಷರ. ಐದೂ ಐವತ್ತಕ್ಕೆ ಬಂದ ಬಸ್ಸಿನ ಡ್ರೈವರ್ ಬಾಗಿಲು ತೆರೆದು ಕೈಸನ್ನೆ ಮಾಡಿದ. ನಾನು ತಲೆ ಅಲ್ಲಾಡಿಸಿದೆ. ಅವನು ಗಡಿಯಾರ ತೋರಿಸಿದ. ನಾನು ಮತ್ತೆ ತಲೆ ಅಲ್ಲಾಡಿಸಿದೆ.

ಆರೂ ಐದಕ್ಕೆ ಟ್ಯಾಕ್ಸಿಯೊಂದು ಬಂದು ನಿಂತು ಮೂವರೂ ಇಳಿದರು. ಮೂರು ಗಂಟೆಯ ರೈಲು ಎರಡು ನಿಮಿಷದಲ್ಲಿ ತಪ್ಪಿತಂತೆ, ಮುಂದಿನದು ದಾರಿಯ ನಡುವೆ ನಿಂತೇಬಿಟ್ಟಿತಂತೆ. ಪುಟ್ಟಿಯ ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ನನ್ನ ಹಾಳೆ ಬೆವರಿಗೆ ಮುದ್ದೆಯಾಗಿತ್ತು. “ತಾತ, ನೀನ್ಯಾಕೆ ಹತ್ಲಿಲ್ಲ? ರೂಲ್ ಬರ್ದೋನು ನೀನೇ ಅಲ್ವಾ?” ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಆರೂ ಇಪ್ಪತ್ತೆರಡಕ್ಕೆ ಹಡಗಿನ ಬಾಗಿಲಲ್ಲಿ ಕಾರ್ಡು ಉಜ್ಜಿದೆವು.

ರಾತ್ರಿ ಊಟಕ್ಕೆ ಕೂತಾಗ ಅವಳು ರೋಮ್‌ನ ವರದಿ ಒಪ್ಪಿಸಿದಳು. ಪ್ಯಾಂಥಿಯನ್‌ನ ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತಿದೆ, ಮಳೆ ಬಂದರೆ ನೀರು ಒಳಗೇ ಬೀಳುತ್ತದೆ, ಅದು ಹರಿದುಹೋಗಲು ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಟ್ರೆವಿ ಕಾರಂಜಿಗೆ ಬೆನ್ನು ಹಾಕಿ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುತ್ತಾರೆಂದು ನಂಬಿಕೆ. ಆ ದುಡ್ಡು ಬಡವರಿಗೆ ಹೋಗುತ್ತದೆ. “ಅಜ್ಜಿ ಹೆಸರಲ್ಲೂ ಒಂದು ಎಸೆದೆ.”

“ಒಂದು ಸಲವೂ ಬರದೋಳು ಮತ್ತೆ ಹೇಗೆ ಬರ್ತೀನೇ?” ಎಂದಳು ಅಜ್ಜಿ.

ಪಾಂಪೆಗೆ ಮಾರನೆಯ ದಿನ ನೇಪಲ್ಸ್ ಬಂದರಿನಿಂದ ಬಾಡಿಗೆ ವ್ಯಾನು ಮಾಡಿದ್ದೆವು. ರೈಲು ಅಗ್ಗ, ಆದರೆ ಮೆಟ್ಟಿಲು, ನೂಕುನುಗ್ಗಲು. ಅಲ್ಲಿ ಸಮುದ್ರದ ಕಡೆಯ ಬಾಗಿಲು ಏರು. ನಾವು ಹಿಂಬದಿಯ ಆಂಫಿಥಿಯೇಟರ್ ಬಾಗಿಲಿನಿಂದ ಹೋದೆವು, ಆ ಕಡೆಯಿಂದ ಮೆಟ್ಟಿಲಿಲ್ಲದ ದಾರಿಯೊಂದನ್ನು ಮಾಡಿದ್ದಾರೆ. ಇಡೀ ಊರು ನೋಡುವ ಆಸೆ ಬಿಟ್ಟು ಮೂರೇ ಗುರುತು ಹಾಕಿಕೊಂಡಿದ್ದೆವು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಬೆಟ್ಟ ಸಿಡಿದು ಊರನ್ನು ಬೂದಿ, ಕಲ್ಲಿನಲ್ಲಿ ಮುಚ್ಚಿತು. ಅಗೆಯಲು ಶುರುಮಾಡಿದ್ದು 1748ರಲ್ಲಿ. ಇದೆಲ್ಲ ನಮ್ಮಾಕೆಗೆ ಬಾಯಿಪಾಠ. ಆದರೆ ಬೀದಿಗೆ ಕಾಲಿಟ್ಟ ಮೇಲೆ ಅವಳು ಪಾಠ ಮಾಡಲಿಲ್ಲ. ರಸ್ತೆಯ ಕಲ್ಲಿನಲ್ಲಿ ಗಾಡಿಯ ಚಕ್ರ ಕೊರೆದ ಗೆರೆಗಳಿವೆ. ಜನ ಕೊಚ್ಚೆ ದಾಟಲು ಎತ್ತರದ ಕಲ್ಲುಗಳನ್ನು ಅಡ್ಡಲಾಗಿ ಇಟ್ಟಿದ್ದಾರೆ, ನಡುವೆ ಚಕ್ರ ಹೋಗುವಷ್ಟು ಜಾಗ ಬಿಟ್ಟು. ಪುಟ್ಟಿ ಅಜ್ಜಿಯ ಕೈ ಹಿಡಿದು ಆ ಕಲ್ಲಿನ ಮೇಲೆ ದಾಟಿಸಿದಳು.

ಅವಳಿಗೆ ಬೇಕಿದ್ದದ್ದು ರೊಟ್ಟಿ ಮಾಡುವ ಅಂಗಡಿ. ಕಪ್ಪು ಕಲ್ಲಿನ, ಎದೆಮಟ್ಟದ ಬೀಸುವ ಕಲ್ಲುಗಳು, ಕತ್ತೆ ಕಟ್ಟಿ ತಿರುಗಿಸುತ್ತಿದ್ದವು. ಪಕ್ಕದಲ್ಲಿ ಇಟ್ಟಿಗೆಯ ಗೂಡು, ಬಾಯಿ ಹಾಗೇ ತೆರೆದಿದೆ. ಈ ಊರಿನ ಇಂಥದ್ದೇ ಒಂದು ಗೂಡಿನಲ್ಲಿ ಬೆಟ್ಟ ಸಿಡಿದ ದಿನ ಇಟ್ಟ ಸುಮಾರು ಎಂಬತ್ತು ರೊಟ್ಟಿಗಳು ಇದ್ದಿಲಾಗಿ ಹಾಗೇ ಸಿಕ್ಕಿದ್ದವು, ಎಂಟೆಂಟು ಹೋಳಿನ ಗುರುತು ಸಮೇತ. ನಮ್ಮಾಕೆ ಎದುರಿನ ಕಟ್ಟೆಯ ಮೇಲೆ ಕೂತು ಆ ಗೂಡನ್ನು ನೋಡಿದಳು. ಮಂಡಿಪಟ್ಟಿಯನ್ನು ಸ್ವಲ್ಪ ಸಡಿಲಿಸಿಕೊಂಡಳು.

“ರೊಟ್ಟಿ ಒಳಗಿಟ್ಟೋರು ಅದನ್ನ ತೆಗೆಯೋಕೆ ಬರ್ಲೇ ಇಲ್ಲ ನೋಡಿ,” ಎಂದಳು. ಬಹಳ ಹೊತ್ತು ಸುಮ್ಮನಿದ್ದು, ಭಾರತದ ಸಮಯ ತೋರಿಸುವ ತನ್ನ ಗಡಿಯಾರ ನೋಡಿ ಗಲಿಬಿಲಿಯಾಗಿ, “ಎಷ್ಟಾಯ್ತು ರೀ? ವ್ಯಾನಿನವನು ಕಾಯ್ತಿರ್ತಾನೆ” ಎಂದಳು.

ಪುಟ್ಟಿ ಹಾಳೆ ತೆಗೆದು ನನ್ನ ಮುಖ ನೋಡಿದಳು. ಅದರ ಪ್ರಕಾರ ಐದು ನಿಮಿಷವಿತ್ತು.

“ಇನ್ನೂ ಅರ್ಧ ಗಂಟೆ ಇದೆ,” ಎಂದೆ, “ಕೂತ್ಕೋ.”