ಸಿಲಿಂಡರ್ ತುಂಬೋರು ಯಾರು?

ನಾವಿಬ್ಬರೂ ಕೊಂಕಲ್‌ನವರು. ಅಣ್ಣ ತಮ್ಮಂದಿರ ಮಕ್ಕಳು, ಒಂದೇ ಬ್ರಾಂಚು, ಹಾಸ್ಟೆಲ್‌ನಲ್ಲಿ ಒಂದೇ ರೂಮು. ಕೊಂಕಲ್ ಎಲ್ಲಿ ಅಂದರೆ ಯಾದಗಿರಿ ಕಡೆ ಅಂತೀವಿ, ಯಾದಗಿರಿ ಎಲ್ಲಿ ಅಂತ ಕೇಳುವವರಿಗೆ ಸುಮ್ಮನೆ ನಗ್ತೀವಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದರೆ ಕ್ಲಬ್‌ನವರು ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀವಿ.

ಸ್ಕೂಬಾ ಸಿಲಿಂಡರನ್ನ ನಾವು ಮೊದಲು ಕಣ್ಣಾರೆ ನೋಡಿದ್ದು ಫಸ್ಟ್ ಇಯರ್ ಮುಗಿದ ಮೇಲೆ ಕ್ಲಾಸಿನವರ ಜೊತೆ ಮುರುಡೇಶ್ವರಕ್ಕೆ ಹೋದಾಗ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಹತ್ತಿರ ಬೋಟ್ ನಿಲ್ಲಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರಿಗಿಳಿಸಿದರು. ಮೀನು ನೋಡಿದ್ದು ಕಡಿಮೆ, ಪ್ರೆಶರ್ ಗೇಜ್ ನೋಡಿದ್ದೇ ಜಾಸ್ತಿ. ವಾಪಸ್ ಬರುವಾಗ ಇಬ್ಬರ ತಲೆಯಲ್ಲೂ ಒಂದೇ ಮಾತು: ಇದು ಕಾಕಾಗೆ ಬೇಕು.

ನಮ್ಮೂರಿನ ಬಾವಿಗಳಿಗೆ ಕೊಡ ಬಿದ್ದರೆ ಪಾತಾಳಗರಡಿ ಸಾಕು. ಪಂಪಿನ ಫುಟ್‌ವಾಲ್ವ್ ಕಟ್ಟಿಕೊಂಡರೆ, ಮೋಟರ್ ಬಿದ್ದರೆ, ಆಡು ಬಿದ್ದರೆ ಕಾಕಾಗೆ ಫೋನ್ ಬರುತ್ತೆ. ಮನುಷ್ಯರು ಬಿದ್ದರೂ ಅವರಿಗೇ. ನಮ್ಮಿಬ್ಬರ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಈಜು ಕಲಿಸಿದ್ದೂ ಅವರೇ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಬಾವಿ ತುಂಬಿದ್ದಾಗ, ಒಬ್ಬ ಹುಡುಗ ಕಾಲು ಜಾರಿ ಬಿದ್ದ. ಕಾಕಾ ಮೂರು ಸಲ ಮುಳುಗಿ ಬರಿಗೈಲಿ ಬಂದರು, ನಾಲ್ಕನೇ ಸಲ ಎತ್ತಿಕೊಂಡು ಬಂದರು. ಹುಡುಗ ಉಳೀಲಿಲ್ಲ. "ತಳದಾಗ ಇನ್ನೊಂದೀಟು ನಿಲ್ಲಾಕ ಬಂದಿದ್ರ ಮೊದಲ್ನೇ ಸಲಾನೇ ಕೈಗೆ ಸಿಗ್ತಿದ್ದ" ಅಂತ ಅವರು ಒಂದೇ ಸಲ ಅಂದದ್ದು. ಆಮೇಲೆ ಆ ಮಾತು ಎತ್ತಿಲ್ಲ.

ಹಾಗಾಗಿ ಥರ್ಡ್ ಸೆಮ್‌ನಲ್ಲಿ ನಾವು ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆವು. ಕಾಕಾಗೆ ಯಾವ ಸಿಲಿಂಡರ್? ಊರವರ ಮುಂದೆ, ಆಮೇಲೆ ಪಂಚಾಯ್ತಿ ಮುಂದೆ ಇಡೋಣ ಅಂತ.

ಮೊದಲ ಲೆಕ್ಕ ಸುಲಭ. ಟೂರಿಸ್ಟ್‌ಗಳಿಗೆ ಹೆಚ್ಚಾಗಿ ಕಟ್ಟೋದು ಅಲ್ಯೂಮಿನಿಯಂ 80 ಅನ್ನೋ ಸಿಲಿಂಡರ್. ಒಳಗಿನ ಜಾಗ 11.1 ಲೀಟರ್, ಒತ್ತಡ 207 ಬಾರ್. ಗುಣಿಸಿದರೆ ಸುಮಾರು 2300 ಲೀಟರ್ ಗಾಳಿ. ಒಬ್ಬ ಮನುಷ್ಯ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆದುಕೊಂಡರೆ, 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಖರ್ಚು 40 ಲೀಟರ್. ಕೊನೆಯ 50 ಬಾರ್ ಮುಟ್ಟಬಾರದು. ಉಳಿದದ್ದರಲ್ಲಿ 43 ನಿಮಿಷ. ಗಾಬರಿಯಲ್ಲಿ ಕೆಲಸ ಮಾಡಿದರೆ ಅದರ ಅರ್ಧ ಅಂದುಕೊಳ್ಳಿ. ಉಸಿರು ಹಿಡಿದು ಹೋಗೋ ಕಾಕಾಗೆ ಅದೂ ಸ್ವರ್ಗವೇ.

ಇಲ್ಲಿ ನಮಗೆ ಭಾರೀ ಮಜಾ ಅನ್ನಿಸಿದ್ದು, ಗಾಳಿಗೆ ತೂಕ ಇದೆ ಅನ್ನೋದು. 2300 ಲೀಟರ್ ಗಾಳಿ ಅಂದರೆ ಎರಡೂ ಮುಕ್ಕಾಲು ಕೆ.ಜಿ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ನೀರಲ್ಲಿ ಮುಳುಗುತ್ತೆ, ಖಾಲಿಯಾಗ್ತಾ ಬಂದ ಹಾಗೆ ತೇಲೋಕೆ ಶುರು ಮಾಡುತ್ತೆ. ಅದನ್ನ ತಡೆಯೋಕೆ ಸೊಂಟಕ್ಕೆ ಸೀಸ ಕಟ್ಟಬೇಕು. ಅಂದರೆ ಕೊನೆಗೆ ಅದು ನಮ್ಮ ಈಜು ಡಬ್ಬಿಯೇ! 12 ಲೀಟರಿನ, 232 ಬಾರಿನ ಸ್ಟೀಲ್ ಸಿಲಿಂಡರ್‌ನಲ್ಲಿ ಈ ಕಾಟ ಕಡಿಮೆ, ಗಾಳಿಯೂ 2780 ಲೀಟರ್ ಹಿಡಿಯುತ್ತೆ. ಆದರೆ ತೇವ ಒಳಗೆ ಹೋದರೆ ತುಕ್ಕು.

ಆಮೇಲೆ 300 ಬಾರ್ ಸ್ಟೀಲ್ ಸಿಲಿಂಡರ್ ಕಣ್ಣಿಗೆ ಬಿತ್ತು. ಚಿಕ್ಕದು, 10 ಲೀಟರ್, ಕಾಗದದ ಮೇಲೆ 3000 ಲೀಟರ್ ಗಾಳಿ. ಇದೇ ಫೈನಲ್ ಅಂತ ಹಳದಿ ಬಣ್ಣ ಹಚ್ಚಿದೆವು. ಎರಡು ದಿನ ಬಿಟ್ಟು ನೆನಪಾಯಿತು, ಐಡಿಯಲ್ ಗ್ಯಾಸ್ ಅನ್ನೋದು ಎಕ್ಸಾಮ್‌ಗೆ ಮಾತ್ರ. 300 ಬಾರ್‌ನಲ್ಲಿ ಗಾಳಿಯ ಕಂಪ್ರೆಸಿಬಿಲಿಟಿ ಫ್ಯಾಕ್ಟರ್ ಹತ್ತಿರ ಹತ್ತಿರ 1.1. ಸಿಗೋದು 2700 ಲೀಟರ್ ಚಿಲ್ಲರೆ. ಆದರೂ ಅಲ್ಯೂಮಿನಿಯಂಗಿಂತ ಜಾಸ್ತಿಯೇ ಅಂತ ಹಳದಿ ಹಾಗೇ ಇಟ್ಟೆವು. ಯೋಕ್ ವಾಲ್ವ್ 232 ಬಾರ್ ತನಕ ಮಾತ್ರ, 300ಕ್ಕೆ ಡಿನ್ ಅನ್ನೋ ಮರೆ ಇರೋ ವಾಲ್ವೇ ಆಗಬೇಕು. ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಕೊಂಡರೆ 6351 ಅನ್ನೋ ಹಳೇ ಅಲಾಯ್ ಇರಬಾರದು, ಅದರ ಕುತ್ತಿಗೆ ಹತ್ತಿರ ಬಿರುಕು ಬಿಡ್ತಿತ್ತು ಅಂತ 1988ರ ಹೊತ್ತಿಗೆ ದೊಡ್ಡ ತಯಾರಕರು 6061ಕ್ಕೆ ಬದಲಾದರು. ಇವನ್ನೆಲ್ಲ ನೋಟ್ ಮಾಡಿಕೊಂಡೆವು.

ದಸರಾ ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಕಾಕಾಗೆ ಎಲ್ಲ ತೋರಿಸಿದೆವು. ಹೊಲದ ಬದುವಿನ ಮೇಲೆ ಕೂತು, ಒಂದು ಮಾತೂ ನಡುವೆ ಆಡದೆ ಕೇಳಿದರು. ಆಮೇಲೆ ಕೇಳಿದ್ದು ಒಂದೇ.

"ಇದನ್ನ ತುಂಬೋರ್ಯಾರು ತಮ್ಮಾ? ಯಾದಗಿರ್ಯಾಗ ಪಂಕ್ಚರ್ ಅಂಗಡ್ಯಾಗ ತುಂಬ್ತಾರೇನು?"

ನಕ್ಕೆವು. ಆದರೆ ಉತ್ತರ ಇರಲಿಲ್ಲ. ಪಂಕ್ಚರ್ ಅಂಗಡಿ ಕಂಪ್ರೆಸರ್ ಕೊಡೋದು 10 ಬಾರ್ ಆಸುಪಾಸು. ಮನೆಯ ಗ್ಯಾಸ್ ಸಿಲಿಂಡರ್‌ನ ಒಳಗೂ ಒತ್ತಡ ಸಾಮಾನ್ಯವಾಗಿ 10 ಬಾರ್ ದಾಟಲ್ಲ. ಸಿಎನ್‌ಜಿ ಆಟೋದಲ್ಲಿ ಇರೋದು 200 ಬಾರ್, ಅದಕ್ಕೇ ಆ ಸಿಲಿಂಡರನ್ನ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು. ನಮ್ಮದು ಅದಕ್ಕೂ ಮೇಲೆ, ಮತ್ತೆ ಅದು ಉಸಿರಾಡೋ ಗಾಳಿ. ಕಂಪ್ರೆಸರ್‌ನ ಎಣ್ಣೆ ಹೊಗೆಯೋ, ಪಕ್ಕದ ಇಂಜಿನ್‌ನ ಕಾರ್ಬನ್ ಮೊನಾಕ್ಸೈಡೋ ಒಳಗೆ ಸೇರಿದರೆ, ಆಳಕ್ಕೆ ಹೋದಷ್ಟೂ ವಿಷ ಜೋರು. 300 ಬಾರ್ ಸಿಲಿಂಡರನ್ನ 200 ಬಾರ್ ಕಂಪ್ರೆಸರ್‌ನಲ್ಲಿ ತುಂಬಿದರೆ ಸಿಗೋದು 2000 ಲೀಟರ್, ಆ ಮಾಮೂಲಿ ಅಲ್ಯೂಮಿನಿಯಂಗಿಂತಲೂ ಕಡಿಮೆ. ನಮ್ಮ ಹಳದಿ ಬಣ್ಣಕ್ಕೆ ಅರ್ಥವೇ ಇರಲಿಲ್ಲ.

ಇನ್ನೊಂದು ವಿಷಯ ನಾವೇ ಹೇಳಬೇಕಿತ್ತು, ಹೇಳಿದೆವು. ಸಿಲಿಂಡರ್ ಗಾಳಿ ಎಳೆದುಕೊಂಡು ಉಸಿರು ಹಿಡಿದು ಮೇಲೆ ಬರಬಾರದು. 10 ಮೀಟರ್ ಕೆಳಗೆ ತುಂಬಿಕೊಂಡ 6 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 12 ಲೀಟರ್ ಆಗೋಕೆ ನೋಡುತ್ತೆ, ಶ್ವಾಸಕೋಶ ಹರಿಯುತ್ತೆ. ಒಂದೆರಡು ಮೀಟರ್‌ನಿಂದಲೂ ಅಪಾಯ. ಸುಮ್ಮನೆ ಮುಳುಗೋ ಈಜುಗಾರನಿಗೆ ಇದಿಲ್ಲ, ಅವನು ಮೇಲಿನ ಗಾಳಿಯನ್ನೇ ಒಯ್ದು ವಾಪಸ್ ತರ್ತಾನೆ.

"ನಲವತ್ತು ವರ್ಷ ಉಸರು ಹಿಡಿಯೋದೇ ಕಲ್ತೀನಿ. ಈಗ ಬಿಡು ಅಂತೀರಲ್ಲೋ" ಅಂದರು ಕಾಕಾ. ಸ್ವಲ್ಪ ಹೊತ್ತು ಬಾವಿ ಕಡೆ ನೋಡಿದರು. "ಇದನ್ನೆಲ್ಲ ಕಟ್ಕೊಳ್ಳೋದ್ರಾಗ ಆ ಹುಡುಗ ಏನ್ ಉಳೀತಿದ್ದಿಲ್ಲ, ಹೌದಿಲ್ಲೋ?"

ಹೌದು ಅಂದೆವು. ಸುಳ್ಳು ಹೇಳೋಕೆ ಆಗಲಿಲ್ಲ. ಬಿದ್ದ ತಕ್ಷಣ ಹಾರೋಕೆ ಬರೋ ಮನುಷ್ಯನೇ ಬೇಕು. ಸಿಲಿಂಡರ್ ಆಗಿಬರೋದು ಆಮೇಲೆ, ಹುಡುಕೋದಕ್ಕೆ, ಕಾಕಾ ಮೂರು ಸಲ ಬರಿಗೈಲಿ ಬರದೇ ಇರೋದಕ್ಕೆ.

ಈಗ ಶೀಟ್‌ನಲ್ಲಿ 300 ಬಾರ್ ಸಾಲು ಅಳಿಸಿದ್ದೀವಿ. ಮೊದಲ ಸಾಲು ಟ್ರೇನಿಂಗ್: ಈಜು ಬರೋ ಇಬ್ಬರಿಗೆ, ಒಬ್ಬರು ಕಾಕಾ. ಎರಡನೇದು ಒಳ್ಳೆ ಗಾಳಿ ತುಂಬಿಕೊಡೋ ಜಾಗ ಮತ್ತು ಅಲ್ಲಿಯ ಒತ್ತಡ. ಮೂರನೇದು ಸಿಲಿಂಡರ್, 207 ಬಾರ್ ಅಲ್ಯೂಮಿನಿಯಂ, ಮೇಲೆ ಸೀಸದ ಬೆಲ್ಟು. ಮೊನ್ನೆ ಫೋನಿನಲ್ಲಿ ಹೇಳಿದಾಗ ಕಾಕಾ ನಕ್ಕರು.

"ಉಸರು ಬಿಡೋದು ಕಲಸ್ಲಾಕ ರೊಕ್ಕ ತಗೋತಾರೇನೋ?"

ಫೀ ಎಷ್ಟು ಅಂತ ಇನ್ನೂ ಹೇಳಿಲ್ಲ.